ಅತ್ತೆ ಬಿಟ್ಟ ತುಪ್ಪ

ಸ್ತನ ಕ್ಯಾನ್ಸರ್ ಆಗಿದ್ದ ನನ್ನ ಸೋದರತ್ತೆಯ ರಿಪೋರ್ಟಿನಲ್ಲಿ ‘ಹರ್2 ಪಾಸಿಟಿವ್’ ಎಂದಿತ್ತು. ಹಂಗಂದ್ರೇನು ಅಂತ ಕೇಳಿದಳು. ಪತ್ರಿಕೋದ್ಯಮ ಓದಿದ್ದೇನಲ್ಲ, ಹುಡುಕಿ ವಿವರಿಸಿದೆ.

ಜೀವಕೋಶದ ಪೊರೆ ಎಣ್ಣೆಯಂತೆ ಹರಿದಾಡುವ ಕೊಬ್ಬಿನ ಪದರ. ಅದರಲ್ಲಿ ಅಲ್ಲಲ್ಲಿ ಕೊಲೆಸ್ಟರಾಲ್ ಹೆಚ್ಚಿರುವ, ತುಸು ಬಿಗಿಯಾದ ತಾಣಗಳಿರುತ್ತವೆ. ಗಾತ್ರ 10ರಿಂದ 200 ನ್ಯಾನೊಮೀಟರ್. 1997ರಲ್ಲಿ ಕೈ ಸೈಮನ್ಸ್ ಮತ್ತು ಎಲಿನಾ ಇಕೊನೆನ್ ಇವನ್ನು ತೇಲುವ ತೆಪ್ಪಗಳಿಗೆ ಹೋಲಿಸಿದರು. ಹರ್2ನಂಥ ಪ್ರೋಟೀನುಗಳು ಈ ತೆಪ್ಪಗಳಲ್ಲಿ ಒತ್ತೊತ್ತಾಗಿ ಸೇರಿದಾಗ ‘ಬೆಳೆ, ಇಬ್ಭಾಗವಾಗು’ ಎಂಬ ಸಂದೇಶ ಕೋಶದೊಳಗೆ ಜೋರಾಗುತ್ತದೆ. ಅತ್ತೆಯ ಗಂಟಿನಲ್ಲಿ ಹರ್2 ಅತಿಯಾಗಿತ್ತು.

ಅತ್ತೆಯ ಕಿವಿಗೆ ಬಿದ್ದದ್ದು ‘ಕೊಲೆಸ್ಟರಾಲ್’ ಒಂದೇ. ಮರುದಿನದಿಂದ ತುಪ್ಪ, ಮೊಟ್ಟೆ ಬಿಟ್ಟಳು. ಕೀಮೋ ನಡುವೆ ಮೈ ಇಳಿಯಿತು. ಡಾಕ್ಟರು ಬೈದದ್ದು ಅವಳಿಗೆ, ತಪ್ಪು ನನ್ನದು. ಪೊರೆಗೆ ಬೇಕಾದ ಕೊಲೆಸ್ಟರಾಲನ್ನು ಕೋಶ ತಾನೇ ತಯಾರಿಸಿಕೊಳ್ಳಬಲ್ಲದು, ತಟ್ಟೆಯ ತುಪ್ಪ ಬಿಟ್ಟರೆ ಆ ತೆಪ್ಪ ಮುಳುಗುವುದಿಲ್ಲ. ಈ ಒಂದು ಸಾಲು ನಾನು ಹೇಳಿರಲಿಲ್ಲ.

ಈಗ ಹರ್2ಗೇ ಹೋಗಿ ಅಂಟುವ ಟ್ರಾಸ್ಟುಜುಮಾಬ್ ಮದ್ದು ಮೂರು ವಾರಕ್ಕೊಮ್ಮೆ ನಡೆದಿದೆ. ಊರಿಗೆ ಹೋದಾಗ ಅವಳ ಮುದ್ದೆಗೆ ತುಪ್ಪ ನಾನೇ ಬಡಿಸುತ್ತೇನೆ.