ನೀರು ಕುಡಿಯುವ ಕಾರು

ನಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲ ನೀರು ಬೀಳುತ್ತಿದ್ದುದು ತುಳಸಿಗಲ್ಲ, ಕಾರಿಗೆ. ಅಪ್ಪ ಎದ್ದವರೇ ಹಿತ್ತಾಳೆ ತಂಬಿಗೆಯಲ್ಲಿ ನೀರು ಹಿಡಿದು ಅಂಗಳಕ್ಕೆ ಹೋಗುವರು. ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳ ತಿರುಗಿಸಿ, ಒಳಗೆ ಇಣುಕಿ, ಗುಟುಕು ಗುಟುಕಾಗಿ ನೀರು ಹುಯ್ಯುವರು. ಮಗುವಿಗೆ ಒಳಲೆಯಲ್ಲಿ ಹಾಲು ಕುಡಿಸಿದ ಹಾಗೆ. ಕಾಫಿಗೆ ಒಳಗೆ ಬಂದಾಗ ವರದಿಯೂ ಇರುತ್ತಿತ್ತು: “ಇವತ್ತು ಅರ್ಧ ತಂಬಿಗೆ ಅಷ್ಟೇ.”

ಕಾರು 1986ರ ಪ್ರೀಮಿಯರ್ ಪದ್ಮಿನಿ. ಆರ್.ಸಿ. ಪುಸ್ತಕದಲ್ಲಿ ಮಾತ್ರ ಪದ್ಮಿನಿ. ಮನೆಯಲ್ಲಿ, ಬೀದಿಯಲ್ಲಿ, ಗ್ಯಾರೇಜಿನಲ್ಲಿ ಅದು ‘ಫಿಯಟ್’. ಇಟಲಿಯ ಫಿಯಟ್ 1100ರ ವಂಶದ ಈ ಕಾರನ್ನು ಮುಂಬೈಯ ಕುರ್ಲಾದಲ್ಲಿ ತಯಾರಿಸುತ್ತಿದ್ದರು. 1089 ಸಿಸಿಯ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಕೋಲು. ಅಪ್ಪ ಇದನ್ನು 1993ರಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡರು. ಅಂದಿನಿಂದ ಅದು ಚಿಕ್ಕಮಗಳೂರಿನ ನಮ್ಮ ಅಂಗಳ ಬಿಟ್ಟು ಕದಲಿಲ್ಲ ಎಂದರೆ ತಪ್ಪಾದೀತು. ಅಮ್ಮನನ್ನು ಕೂರಿಸಿಕೊಂಡು ಘಾಟಿ ಹತ್ತಲಿಲ್ಲ ಎಂದರೆ ಸರಿ.

ಅಮ್ಮನ ತವರು ಬೆಳ್ತಂಗಡಿಯ ಕಡೆ. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಬೇಕು. 1998ರ ಮೇ ತಿಂಗಳಲ್ಲಿ ಮಾವನ ಮಗಳ ಮದುವೆ ಮುಗಿಸಿ ಮಟಮಟ ಮಧ್ಯಾಹ್ನ ಘಾಟಿ ಹತ್ತುತ್ತಿದ್ದೆವು. ಒಂದು ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಅಪ್ಪ ಇಳಿದರು. ಅವರಿಗೆ ಆಗ ಇದ್ದದ್ದು ಒಂದೇ ಯೋಚನೆ: ಬೇಗ ನೀರು ಹುಯ್ಯಬೇಕು. ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದರು. ಕುದಿಯುವ ನೀರು ಕಾರಂಜಿಯಂತೆ ಎದ್ದು ಬಲಗೈಯನ್ನು ಮೊಣಕೈವರೆಗೆ ಬೇಯಿಸಿತು. ನನಗೆ ಆಗ ಹನ್ನೆರಡು ವರ್ಷ. ಅಪ್ಪನ ಕೂಗಿಗಿಂತ ಹೆಚ್ಚು ನೆನಪಿರುವುದು ಆಮೇಲಿನ ಅಮ್ಮನ ಮೌನ. ಯಾವುದೋ ಜೀಪಿನವರು ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದರು. ಅಪ್ಪನ ಕೈಯ ಮೇಲೆ ಈಗಲೂ ಒಂದು ನಕಾಶೆಯಿದೆ.

ಅಮ್ಮ ಜಗಳವಾಡಲಿಲ್ಲ. ಒಂದು ನಿಯಮ ಮಾಡಿದಳು: ಹೋಗುವಾಗ ಕಾರು, ಬರುವಾಗ ಬಸ್ಸು. “ಇಳಿಯುವಾಗ ಅದು ಕುದಿಯುವುದಿಲ್ಲ ಅಲ್ವಾ? ಹತ್ತುವಾಗ ನೀವೇ ಬನ್ನಿ ನಿಮ್ಮ ಫಿಯಟ್ಟಿನಲ್ಲಿ.” ಇಪ್ಪತ್ತೈದು ವರ್ಷ ಹೀಗೇ ನಡೆಯಿತು. ಉಜಿರೆಯಲ್ಲಿ ಅಪ್ಪ ಅಮ್ಮನನ್ನು ಬಸ್ಸು ಹತ್ತಿಸಿ, ತಾವೊಬ್ಬರೇ ಹಿಂದೆ ಹಿಂದೆ ಕಾರು ತರುತ್ತಿದ್ದರು. ನೆಂಟರಿಗೆ ಇದು ತಮಾಷೆಯ ಕತೆ. ಆದರೆ ಈಚೆಗೆ ಅಮ್ಮನ ಮೊಣಕಾಲು ಬಸ್ಸಿನ ಮೆಟ್ಟಿಲನ್ನು ಒಪ್ಪುತ್ತಿಲ್ಲ. ಬಾಡಿಗೆ ಕಾರು ಮಾಡೋಣವೆಂದರೆ ಅಪ್ಪನ ಮುಖ ಸಣ್ಣದಾಗುತ್ತದೆ. ಅದನ್ನು ನೋಡಿ ಅಮ್ಮನೇ “ಈಗ ಬೇಡ, ಮಳೆ ಕಳೆಯಲಿ” ಎನ್ನುತ್ತಾಳೆ. ಹಾಗೆ ಎರಡು ಮಳೆಗಾಲ ಕಳೆದವು. ಊರಿನಲ್ಲಿ ದೊಡ್ಡ ಮಾವ ಹಾಸಿಗೆ ಹಿಡಿದಿದ್ದರು.

ಅಷ್ಟರಲ್ಲಿ ಕಾರಿನ ಬಾಯಾರಿಕೆ ಜಾಸ್ತಿಯಾಯಿತು. ಅರ್ಧ ತಂಬಿಗೆ ಒಂದಾಯಿತು, ಒಂದು ಎರಡಾಯಿತು. ಅಂಗಳದಲ್ಲಿ ಕಾರಿನ ಮೂಗಿನ ಕೆಳಗೆ ಸದಾ ಒಂದು ಒದ್ದೆ ಮಚ್ಚೆ. ಅಪ್ಪನಿಗೆ ಈಗ ಎಪ್ಪತ್ತೆಂಟು, ಬಗ್ಗಿ ನೋಡಲಾರರು. “ನೀನೇ ಏನಾದರೂ ಮಾಡಿಸು” ಎಂದು ಮೊದಲ ಬಾರಿಗೆ ನನ್ನ ಕೈಗೆ ಬಿಟ್ಟರು. ಹೊಸ ರೇಡಿಯೇಟರ್ ತಾನೇ, ಒಂದು ವಾರದ ಕೆಲಸ ಎಂದುಕೊಂಡೆ. ಎರಡು ತಿಂಗಳು ಹಿಡಿಯಿತು.

ಈ ಮಾದರಿಯ ಕಾರು ತಯಾರಾಗುವುದು ನಿಂತು ಎರಡು ದಶಕ ದಾಟಿದೆ. ಹಾಗಾಗಿ ಅಂಗಡಿಗೆ ಹೋಗಿ ಹೆಸರು ಹೇಳಿ ಡಬ್ಬಿಯಲ್ಲಿ ತರುವ ಹಾಗಿರಲಿಲ್ಲ. ಕೇಳಿದವರೆಲ್ಲ ಒಂದೊಂದು ದಾರಿ ತೋರಿಸಿದರು. ಬೆಂಗಳೂರಿನ ಗುಜರಿಯಲ್ಲಿ ಹಳೆಯದೊಂದನ್ನು ಹುಡುಕುವುದು ಒಂದು. ಅಳತೆ ಕೊಟ್ಟು ಅಲ್ಯೂಮಿನಿಯಂನಲ್ಲಿ ಹೊಸದು ಮಾಡಿಸುವುದು ಎರಡು. ಯಾವುದಾದರೂ ಈಗಿನ ಸಣ್ಣ ಕಾರಿನ ರೇಡಿಯೇಟರನ್ನು ಪಟ್ಟಿ ಹೊಡೆದು ಕೂರಿಸಿ ಎಲೆಕ್ಟ್ರಿಕ್ ಫ್ಯಾನ್ ಜೋಡಿಸುವುದು ಮೂರು. ಇದ್ದದ್ದರ ಮೇಲಿನ ಕೆಳಗಿನ ಹಿತ್ತಾಳೆ ಟ್ಯಾಂಕುಗಳನ್ನು ಉಳಿಸಿಕೊಂಡು ನಡುವಿನ ಕೋರ್ ಮಾತ್ರ ಹೊಸದಾಗಿ ಬೆಸೆಯಿಸುವುದು ನಾಲ್ಕು.

ನಾನು ಓದಿ ತಿಳಿಯುವ ಜಾತಿಯವಳು, ಓದತೊಡಗಿದೆ. ಎಂಜಿನ್ ಕುಡಿದ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಶಾಖವಾಗಿ ನೀರಿಗೆ ಇಳಿಯುತ್ತದೆ. ಅದನ್ನು ಹೊರಗೆ ಹಾಕದಿದ್ದರೆ ಎಂಜಿನ್ ಉಳಿಯದು. 1888ರಲ್ಲಿ ಬರ್ಥಾ ಬೆಂಜ್ ತನ್ನ ಗಂಡ ಕಾರ್ಲ್ ಬೆಂಜ್ ಮಾಡಿದ ಮೂರು ಚಕ್ರದ ಕಾರನ್ನು, ಅವನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಓಡಿಸಿದಳು. ನೂರು ಕಿಲೋಮೀಟರಿಗೂ ಹೆಚ್ಚಿನ ಆ ದಾರಿಯುದ್ದಕ್ಕೂ ಎಂಜಿನ್ನಿಗೆ ನೀರು ಹುಯ್ಯುತ್ತಲೇ ಹೋಗಬೇಕಾಯಿತು. ಆ ಕಾರು ನೀರನ್ನು ಆವಿ ಮಾಡಿಯೇ ತಣ್ಣಗಾಗುತ್ತಿತ್ತು. ಅವಳು ಹೊರಟಿದ್ದೂ ತವರಿಗೆ! ಅಮ್ಮನಿಗೆ ಇದನ್ನು ಹೇಳಿದಾಗ, “ಬರುವಾಗ ಎಂತದರಲ್ಲಿ ಬಂದಳಂತೆ?” ಎಂದು ಕೇಳಿದಳು.

ಜೇನುಗೂಡಿನಂಥ ರೇಡಿಯೇಟರ್ ಬಂದದ್ದು ವಿಲ್ಹೆಲ್ಮ್ ಮೈಬಾಕ್‌ನಿಂದ. 1901ರಲ್ಲಿ ಹೆಸರು ಮಾಡಿದ 35 ಎಚ್‌ಪಿ ಮರ್ಸಿಡಿಸ್ ಕಾರಿಗಾಗಿ ಅವನು 8070 ಪುಟ್ಟ ಕೊಳವೆಗಳನ್ನು ಒಟ್ಟಿಗೆ ಬೆಸೆದಿದ್ದ. ನೀರು ಮತ್ತು ಗಾಳಿ ಬೆರೆಯದೆ, ಆದಷ್ಟು ಹೆಚ್ಚು ಜಾಗದಲ್ಲಿ ಒಂದನ್ನೊಂದು ಸೋಕಬೇಕು. ಅಂದಿನಿಂದ ಇಂದಿನವರೆಗೆ ಇರುವುದು ಇದೊಂದೇ ಉಪಾಯ. ಉಳಿದದ್ದೆಲ್ಲ ಯಾವ ಲೋಹ ಎಂಬ ತಕರಾರು. ತಾಮ್ರ ಅಲ್ಯೂಮಿನಿಯಂಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಾಗಾದರೆ ತಾಮ್ರವೇ ಗೆದ್ದಿತೆಂದು ಪುಸ್ತಕ ಮುಚ್ಚುವಷ್ಟರಲ್ಲಿ ಮುಂದಿನ ಸಾಲು: ತಾಮ್ರದ ರೇಡಿಯೇಟರಿನಲ್ಲಿ ಎಲೆಗಳು ಮಾತ್ರ ತಾಮ್ರ, ಕೊಳವೆ ಹಿತ್ತಾಳೆ, ಅವೆರಡರ ನಡುವೆ ಸೀಸ–ತವರದ ಬೆಸುಗೆ, ಅಲ್ಯೂಮಿನಿಯಂನಲ್ಲಿ ಕೊಳವೆ ಅಗಲ, ತೂಕವೂ ಬಹಳ ಕಡಿಮೆ. ಚೆನ್ನಾಗಿ ಮಾಡಿದ್ದಾದರೆ ಎರಡೂ ತಂಪು ಮಾಡುತ್ತವೆ. ಓದಿನಿಂದ ನನಗೆ ಸಿಕ್ಕಿದ್ದು ಇಷ್ಟೇ.

ಕೊನೆಗೆ ರೇಡಿಯೇಟರನ್ನೇ ಬಿಚ್ಚಿಸಿ, ಗೋಣಿಚೀಲದಲ್ಲಿ ಸುತ್ತಿ, ಗ್ಯಾರೇಜ್ ಸಾಲಿನ ಕೊನೆಯಲ್ಲಿರುವ ಭಾಯಿಯ ಅಂಗಡಿಗೆ ಒಯ್ದೆ. ಅವರ ತಂದೆ ಮನೆಮನೆಗೆ ಬಂದು ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಪಾತ್ರೆ ಸ್ಟೀಲಿಗೆ ತಿರುಗಿದ ಮೇಲೆ ಮಗ ಅದೇ ತವರ, ಅದೇ ಬೆಂಕಿ ಇಟ್ಟುಕೊಂಡು ಲಾರಿ ಬಸ್ಸುಗಳ ರೇಡಿಯೇಟರಿಗೆ ಬಂದರಂತೆ. ಭಾಯಿ ಕೆಳಗಿನ ಬಾಯಿ ಮುಚ್ಚಿ, ಮೇಲಿನಿಂದ ಗಾಳಿ ಕೊಟ್ಟು, ಸಿಮೆಂಟಿನ ತೊಟ್ಟಿಯ ನೀರಿನಲ್ಲಿ ಅದನ್ನು ಮುಳುಗಿಸಿದರು. ಒಂದು ಕಡೆಯಿಂದಲ್ಲ, ಹತ್ತು ಕಡೆಯಿಂದ ಗುಳ್ಳೆ. ಆಮೇಲೆ ಮೇಲಿನ ಟ್ಯಾಂಕನ್ನು ಕಾಯಿಸಿ ಎಬ್ಬಿಸಿದರು. ಕೊಳವೆಗಳ ಬಾಯಲ್ಲಿ ಬಿಳಿಯ ಗಾರೆ ಕಟ್ಟಿತ್ತು.

“ಬೋರ್‌ವೆಲ್ ನೀರು ಹಾಕ್ತಿದ್ರಾ?”

“ದಿನಾ.”

“ಬಚ್ಚಲ ಹಂಡೆಯಲ್ಲಿ ಕಟ್ಟುತ್ತಲ್ಲಮ್ಮಾ, ಅದೇ ಇದು. ಅರ್ಧ ಕೊಳವೆ ಬಂದ್. ಇದು ಸೋರೋದರಿಂದ ಕುದೀತಿದ್ದದ್ದಲ್ಲ, ಒಳಗೆ ಓಡೋಕೆ ದಾರಿ ಇಲ್ಲದೆ ಕುದೀತಿದ್ದದ್ದು.”

ಆಮೇಲೆ ಮುಚ್ಚಳ ಕೈಗೆತ್ತಿಕೊಂಡು ಅದರ ಸ್ಪ್ರಿಂಗನ್ನು ಒತ್ತಿ ತೋರಿಸಿದರು. ರಬ್ಬರು ಕಲ್ಲಾಗಿತ್ತು. ಮುಚ್ಚಳವೆಂದರೆ ಕುಕ್ಕರಿನ ವೆಯ್ಟ್ ಇದ್ದಂತೆ: ಒಳಗೆ ಒತ್ತಡ ಹಿಡಿದಿಟ್ಟರೆ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಹಿಡಿಯದಿದ್ದರೆ ಬೇಗ ಕುದಿಯುತ್ತದೆ, ಮಲೆನಾಡಿನ ಎತ್ತರದಲ್ಲಿ ಇನ್ನೂ ಬೇಗ. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯೊಳಗೇ ಕುದಿಯುತ್ತದೆ. ಹಾಗೆಂದು ಈಗಿನ ಕಾರುಗಳ ಗಟ್ಟಿ ಮುಚ್ಚಳ ತಂದು ಹಾಕಿದರೆ ಹಳೆಯ ಬೆಸುಗೆ ಬಾಯಿಬಿಡುತ್ತದೆ. ಈ ಮನೆಗೆ ಈ ಬಾಗಿಲೇ ಆಗಬೇಕು.

ನನಗೆ ಆ ಹೊತ್ತಿಗೆ ನಿರ್ಧಾರವಾಗಿಹೋಗಿತ್ತು. ಕಲಾಯಿಯವರ ಮಗ, ಹಿತ್ತಾಳೆ ಟ್ಯಾಂಕು, ಹಳೆಯ ಕಾರು. ಇನ್ನೇನು ಬೇಕು? “ಹೊಸ ಕೋರ್ ಹಾಕಿಬಿಡಿ ಭಾಯಿ” ಎಂದೆ. ಅವರು ತಲೆಯಾಡಿಸಿದರು.

“ನನ್ನ ಮಾತು ಕೇಳಿದ್ರೆ ಅಲ್ಯೂಮಿನಿಯಂ ಹಾಕ್ಸಮ್ಮಾ. ತಾಮ್ರದ ಕೋರ್‌ಗಿಂತ ಅಗ್ಗ. ಹಗುರ. ನನ್ನ ಹುಡುಗರು ಯಾರೂ ಈ ಕೆಲಸಕ್ಕೆ ಬಂದಿಲ್ಲ. ಸೀಸದ ಹೊಗೆ ಕುಡಿಯೋದು ಬೇಡ ಅಂತ ನಾನೇ ಬಿಡಿಸಿದೆ. ನಾಳೆ ನಾನಿಲ್ಲ ಅಂದ್ರೆ ಇದನ್ನು ಯಾರಿಗೆ ತೋರಿಸ್ತೀರಿ?”

ಬೆಪ್ಪಾಗಿ ನಿಂತೆ. ಅವರ ಕಸುಬನ್ನು ಉಳಿಸುವ ಪುಣ್ಯವಂತೆ ನಾನೆಂದುಕೊಂಡಿದ್ದೆ. ಅವರು ಅದನ್ನು ಉಳಿಸಲು ನನ್ನ ಹತ್ತಿರ ಕೇಳಿರಲಿಲ್ಲ. ಗಿರಾಕಿಗೆ ನಿಜ ಹೇಳುವುದಷ್ಟೇ ಅವರ ಕಸುಬಾಗಿತ್ತು. ನನ್ನ ನಿರ್ಧಾರದಲ್ಲಿ ಕಾರಿಗಿಂತ ನನ್ನ ಬಗ್ಗೆ ನನಗಿದ್ದ ಪ್ರೀತಿಯೇ ಹೆಚ್ಚಿತ್ತೇನೋ.

ಆ ರಾತ್ರಿ ಊಟದ ಹೊತ್ತಿಗೆ ಎಲ್ಲವನ್ನೂ ಹೇಳಿದೆ. ಅಪ್ಪ ಸುಮ್ಮನೆ ಅನ್ನ ಕಲಸುತ್ತಿದ್ದರು. ಅಮ್ಮ ಕೇಳಿದಳು: “ಯಾವುದು ಒಳ್ಳೆಯದು ಅಂತ ಎಲ್ಲರ ಹತ್ತಿರ ಕೇಳಿದೆ ಮಾರಾಯ್ತಿ. ದಾರಿಯಲ್ಲಿ ಕೆಟ್ಟರೆ ಯಾವುದು ಹೇಗೆ ಕೆಡ್ತದೆ ಅಂತ ಕೇಳಿದ್ಯಾ?”

ಕೇಳಿರಲಿಲ್ಲ. ಮರುದಿನ ಕೇಳಿದೆ. ಭಾಯಿ ನಕ್ಕರು. “ಇದು ಸರಿಯಾದ ಪ್ರಶ್ನೆ.” ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರ್ ವರ್ಷಗಟ್ಟಲೆ ಒಂದು ತೊಟ್ಟೂ ಸೋರದೆ ಇರುತ್ತದೆ, ವಯಸ್ಸಾಗಿ ಪ್ಲಾಸ್ಟಿಕ್ ಬಿರುಕು ಬಿಟ್ಟರೆ ಮಾತ್ರ ನಿಂತಲ್ಲೇ ನಿಲ್ಲಿಸುತ್ತದೆ, ಬದಲಾಯಿಸುವುದೇ ದಾರಿ. ಪೂರ್ತಿ ಅಲ್ಯೂಮಿನಿಯಂನದಾದರೆ ಬೆಸೆಯಬಹುದು, ಆದರೆ ಅದಕ್ಕೆ ಬೇರೆ ಮಿಷನ್, ಬೇರೆ ಗ್ಯಾಸು, ಪಳಗಿದ ಕೈ ಬೇಕು. ಹಿತ್ತಾಳೆಯದು ಹಾಗಲ್ಲ. ಹನಿ ಹನಿಯಾಗಿ ಸೋರಿ ತಿಂಗಳುಗಟ್ಟಲೆ ಮೊದಲೇ ಹೇಳುತ್ತದೆ. ಬೆಸುಗೆಯ ಕಾವಲಿ ಇಟ್ಟುಕೊಂಡ ಯಾವ ಊರಿನ ಗ್ಯಾರೇಜಿನವನಾದರೂ ಮನೆ ಮುಟ್ಟುವಷ್ಟು ತೇಪೆ ಹಾಕಬಲ್ಲ.

ದಿನಾ ನೂರು ಕಿಲೋಮೀಟರ್ ಓಡುವ ಕಾರಾಗಿದ್ದರೆ ಅಲ್ಯೂಮಿನಿಯಂ ಎನ್ನುತ್ತಿದ್ದೆ, ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ನಮ್ಮದು ತಿಂಗಳಿಗೊಮ್ಮೆ ಓಡುವ ಕಾರು, ಪ್ರತಿ ಬೆಳಿಗ್ಗೆ ಬಾನೆಟ್ ಎತ್ತಿ ನೋಡುವ ಒಬ್ಬರು ಮನೆಯಲ್ಲಿದ್ದಾರೆ. ಮೊದಲೇ ಹೇಳುವ ರೇಡಿಯೇಟರಿಗೆ ಕೇಳಿಸಿಕೊಳ್ಳುವವರು ಇರಬೇಕು, ಇದ್ದರು. ಹಾಗಾಗಿ ಹಿತ್ತಾಳೆಯೇ ಆಯಿತು, ಆದರೆ ಮೊದಲಿನ ಕಾರಣಕ್ಕಲ್ಲ.

ಕೋರ್ ಬರಲು ಮೂರು ವಾರ ಹಿಡಿಯಿತು. ಭಾಯಿ ಹಳೆಯ ಟ್ಯಾಂಕುಗಳನ್ನು ಉಜ್ಜಿ, ಹೊಸ ಕೋರಿಗೆ ಬೆಸೆದು, ಮತ್ತೆ ತೊಟ್ಟಿಯಲ್ಲಿ ಮುಳುಗಿಸಿದರು. ಒಂದೂ ಗುಳ್ಳೆ ಬರಲಿಲ್ಲ. ಹೊಸ ಹೋಸ್ ಪೈಪು, ಫ್ಯಾನ್ ಬೆಲ್ಟು, ಥರ್ಮೋಸ್ಟಾಟು, ಸರಿಯಾದ ಮುಚ್ಚಳ, ಡ್ಯಾಶ್‌ಬೋರ್ಡಿನಲ್ಲಿ ಶಾಖ ತೋರಿಸುವ ಒಂದು ಮುಳ್ಳು. ಬೋರ್‌ವೆಲ್ ನೀರಿನ ಬದಲು ಕೂಲೆಂಟ್ ಬೆರೆಸಿದ ಡಿಸ್ಟಿಲ್ಡ್ ವಾಟರ್. ಅಪ್ಪನ ತಂಬಿಗೆಗೆ ಕೆಲಸವಿಲ್ಲದಂತಾಯಿತು. ಆದರೂ ಬೆಳಿಗ್ಗೆ ಬಾನೆಟ್ ಎತ್ತುವುದು ನಿಲ್ಲಲಿಲ್ಲ. ಬರಿಗೈಯಲ್ಲಿ ಹೋಗಿ, ಇಣುಕಿ, “ಏನೂ ಕುಡಿದಿಲ್ಲ” ಎಂದು ಸ್ವಲ್ಪ ಬೇಸರದಲ್ಲೇ ವರದಿ ಮಾಡುತ್ತಿದ್ದರು.

ಮಾರ್ಚಿಯಲ್ಲಿ ಹೊರಟೆವು. ನಾನು ಸ್ಟೀರಿಂಗಿನಲ್ಲಿ, ಅಪ್ಪ ಪಕ್ಕದಲ್ಲಿ, ಅಮ್ಮ ಹಿಂದೆ. ಕಾಲ ಬಳಿ ಐದು ಲೀಟರಿನ ಎರಡು ಕ್ಯಾನ್ ನೀರು. ಅದಿಲ್ಲದೆ ಹೊರಡುವುದಿಲ್ಲವೆಂದು ಇಬ್ಬರೂ ಹಟ ಹಿಡಿದಿದ್ದರು. ದೊಡ್ಡ ಮಾವ ಅಮ್ಮನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಆಮೇಲೆ ಅವಳ ಕೈ ಬಿಡಲೇ ಇಲ್ಲ. ಎರಡು ದಿನ ಅಣ್ಣ ತಂಗಿ ಏನು ಮಾತಾಡಿದರೋ ನಮಗೆ ಗೊತ್ತಿಲ್ಲ, ತುಳುವಿನಲ್ಲಿತ್ತು.

ಹೊರಡುವ ದಿನ ಉಜಿರೆಯ ಬಸ್ ನಿಲ್ದಾಣದ ಬಳಿ ಕಾರು ನಿಧಾನ ಮಾಡಿದೆ. ಹಿಂದಿನ ಸೀಟಿನಿಂದ ಸದ್ದಿಲ್ಲ. ಕನ್ನಡಿಯಲ್ಲಿ ನೋಡಿದೆ. ಅಮ್ಮ ಕಿಟಕಿಯಾಚೆ ಬಸ್ಸುಗಳ ಬೋರ್ಡು ಓದುತ್ತಿದ್ದಳು. “ಎಂತ ನಿಂತದ್ದು? ಹೋಗುವ” ಎಂದಳು.

ಘಾಟಿಯಲ್ಲಿ ಎರಡನೇ ಗೇರು. ಎಂಜಿನ್ ಜೋರು, ವೇಗ ಕಡಿಮೆ, ಎದುರು ಗಾಳಿಯೂ ಇಲ್ಲ. ರೇಡಿಯೇಟರಿಗೆ ಇದಕ್ಕಿಂತ ಕಷ್ಟದ ಪರೀಕ್ಷೆಯಿಲ್ಲ. ಮುಳ್ಳು ಏರಿತು. ಮೂವರೂ ಅದನ್ನೇ ನೋಡುತ್ತಿದ್ದೆವು. ಒಂದು ಜಾಗಕ್ಕೆ ಬಂದು ನಿಂತಿತು, ಅಲ್ಲೇ ಸಣ್ಣಗೆ ನಡುಗುತ್ತ ಇತ್ತು.

“ಇಲ್ಲೇ ಅಲ್ವಾ?” ಎಂದಳು ಅಮ್ಮ ಒಂದು ತಿರುವಿನಲ್ಲಿ. ನನಗೆ ಯಾವುದೆಂದು ನೆನಪಿರಲಿಲ್ಲ. ಅಪ್ಪನಿಗೆ ಇತ್ತು. ಸ್ವಲ್ಪ ಮುಂದೆ ಅಗಲ ಇದ್ದ ಕಡೆ ನಿಲ್ಲಿಸಿದೆ. ಅಪ್ಪ ಇಳಿದು, ಅಭ್ಯಾಸಬಲದಿಂದ ಕಾರಿನ ಮುಂದೆ ಹೋಗಿ ಬಾನೆಟ್ ಎತ್ತಿದರು. “ಮುಚ್ಚಳ ಮುಟ್ಟಬೇಡಿ” ಎಂದು ಅಮ್ಮನೂ ನಾನೂ ಒಟ್ಟಿಗೆ ಕೂಗಿದೆವು. ಅವರು ಎರಡೂ ಕೈ ಹಿಂದೆ ಕಟ್ಟಿ ನಿಂತರು. ಎಲ್ಲೂ ಹಬೆಯಿಲ್ಲ, ನೆಲದ ಮೇಲೆ ಹನಿಯಿಲ್ಲ.

ಸೆಕೆ ಬಹಳವಿತ್ತು. ಅಮ್ಮ ಕಾಲ ಬಳಿಯ ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿ ಮೊದಲು ಅಪ್ಪನಿಗೆ ಕೊಟ್ಟಳು. ಕೊಟ್ಟಿಗೆಹಾರ ತಲುಪಿ ನೀರುದೋಸೆಗೆ ನಿಲ್ಲಿಸುವಷ್ಟರಲ್ಲಿ ಒಂದು ಕ್ಯಾನನ್ನು ನಾವೇ ಮುಕ್ಕಾಲು ಖಾಲಿ ಮಾಡಿದ್ದೆವು.