ಕಳೆದುಕೊಂಡವರ ಲೆಕ್ಕ

ರಾಜ್ಯಗಳ ಏಳುಬೀಳುಗಳನ್ನು ಹೇಳುವ ಗ್ರಂಥಗಳಲ್ಲಿ ಹಸುವಿಗೆ ಸ್ಥಳವಿರುವುದಿಲ್ಲ. ಯಾವ ದೊರೆ ಯಾವ ಕೋಟೆಯನ್ನು ಹಿಡಿದನು, ಯಾವ ಒಪ್ಪಂದಕ್ಕೆ ಯಾರು ರುಜು ಹಾಕಿದರು ಎಂಬುದನ್ನು ಚರಿತ್ರಕಾರನು ಬರೆಯುತ್ತಾನೆ. ಆ ಗದ್ದಲದಲ್ಲಿ ಒಬ್ಬ ಒಕ್ಕಲಿನ ಕೊಟ್ಟಿಗೆಯಿಂದ ಹೊಡೆದುಕೊಂಡು ಹೋದ ಹಸುಗಳೆಷ್ಟು, ಕಣಜದಿಂದ ಬಾಚಿಕೊಂಡ ಧಾನ್ಯವೆಷ್ಟು, ಅವನ ಹೆಂಡತಿಯ ಮೈಮೇಲಿಂದ ಕಿತ್ತ ಬಟ್ಟೆಯ ಬೆಲೆಯೆಷ್ಟು ಎಂದು ಕೇಳುವ ಗೊಡವೆ ಅವನಿಗಿಲ್ಲ. ಆದರೆ ಇಂಥ ಲೆಕ್ಕಗಳೇ ತುಂಬಿರುವ ಕಾಗದಗಳ ರಾಶಿಯೊಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿದೆ. ಅಲ್ಲಿಯ ಟ್ರಿನಿಟಿ ಕಾಲೇಜಿನ ಪುಸ್ತಕಭಂಡಾರದಲ್ಲಿ 31 ಸಂಪುಟಗಳಾಗಿ ಕಟ್ಟಿಟ್ಟಿರುವ ಈ ಬರಹಗಳಿಗೆ ‘1641ರ ಹೇಳಿಕೆಗಳು’ ಎಂದು ಹೆಸರು. ಒಟ್ಟು ಸುಮಾರು 8,000 ಹೇಳಿಕೆಗಳು. ಪುಟಗಳು ಸುಮಾರು 19,000. ದಂಗೆಯ ನೂರನೆಯ ವರ್ಷವಾದ 1741ರಲ್ಲಿ ಕಾಲೇಜಿನ ವಶಕ್ಕೆ ಬಂದ ಇವನ್ನು 2010ರಿಂದೀಚೆಗೆ ಗಣಕಯಂತ್ರವುಳ್ಳ ಯಾರಾದರೂ ಮನೆಯಲ್ಲಿ ಕುಳಿತೇ ಓದಬಹುದಾಗಿದೆ. ಬಿಡುವಾದಾಗಲೆಲ್ಲ ನಾನು ಇವನ್ನು ಓದುತ್ತ ಬಂದಿದ್ದೇನೆ. ಆಗ ಮನಸ್ಸಿಗೆ ತೋರಿದ ಕೆಲವು ಮಾತುಗಳನ್ನು ವಾಚಕರ ಮುಂದಿಡುವೆನು.

ಮೊದಲು ಹಿಂದಿನ ಕಥೆಯನ್ನು ಸಂಗ್ರಹವಾಗಿ ಹೇಳಬೇಕು. ಐರ್ಲೆಂಡಿನ ಉತ್ತರಭಾಗವಾದ ಅಲ್‌ಸ್ಟರ್ ಪ್ರಾಂತವು ಬಹುಕಾಲ ಇಂಗ್ಲೆಂಡಿಗೆ ತಲೆಬಾಗದೆ ನಿಂತಿತ್ತು. 1607ರಲ್ಲಿ ಅಲ್ಲಿನ ನಾಯಕರು ದೇಶಬಿಟ್ಟು ಹೋದ ಮೇಲೆ ಅವರ ನೆಲವೆಲ್ಲ ಅರಸನ ಪಾಲಾಯಿತು. 1609ರಿಂದ ಮುಂದೆ ಆ ನೆಲದಲ್ಲಿ ಇಂಗ್ಲಿಷರನ್ನೂ ಸ್ಕಾಟರನ್ನೂ ತಂದು ನೆಲೆಗೊಳಿಸಲಾಯಿತು. ಇದಕ್ಕೆ ಅವರು ಇಟ್ಟ ಹೆಸರಿನ ಅರ್ಥ ‘ನೆಡುವಿಕೆ’ ಎಂದು. ಗದ್ದೆಯಲ್ಲಿ ಪೈರನ್ನು ನೆಡುವಂತೆ ಜನರನ್ನು ನೆಡುವುದು! ಆದರೆ ನೆಟ್ಟ ನೆಲವು ಬಯಲಾಗಿರಲಿಲ್ಲ. ಅಲ್ಲಿ ತಲೆಮಾರುಗಳಿಂದ ಬಾಳಿಕೊಂಡಿದ್ದ ಐರಿಷರಿದ್ದರು. ದೊಡ್ಡ ಹಿಡುವಳಿಗಳನ್ನು ಪಡೆದವರು ಐರಿಷ್ ಒಕ್ಕಲುಗಳನ್ನು ಇಟ್ಟುಕೊಳ್ಳಬಾರದೆಂದು ಕಟ್ಟಳೆಯೇನೋ ಇತ್ತು. ಆಚರಣೆಯಲ್ಲಿ ಹೆಚ್ಚಿನ ಗೇಣಿ ಕೊಡಲು ಒಪ್ಪಿದ ಐರಿಷರು ತಮ್ಮ ಹಳೆಯ ಹೊಲದಲ್ಲಿಯೇ ಹೊಸ ಒಡೆಯನಿಗೆ ಗೇಣಿದಾರರಾಗಿ ಉಳಿದರು. ಹೀಗೆ ಕಳೆದುಕೊಂಡವನೂ ಪಡೆದುಕೊಂಡವನೂ ಒಂದೇ ಹಳ್ಳದ ನೀರು ಕುಡಿಯುತ್ತ, ಒಂದೇ ಸಂತೆಯಲ್ಲಿ ಕೊಡುಕೊಳ್ಳುತ್ತ ಮೂವತ್ತು ವರ್ಷ ಕಳೆದರು. ಹೊರಗೆ ಶಾಂತಿ, ಒಳಗೆ ಬೂದಿ ಮುಚ್ಚಿದ ಕೆಂಡ.

1641ನೆಯ ಅಕ್ಟೋಬರ್ 22ರ ಸಂಜೆ ಆ ಬೂದಿ ಹಾರಿತು. ಸರ್ ಫೀಲಿಮ್ ಓ'ನೀಲ್ ಎಂಬುವನು ಊಟಕ್ಕೆ ಬಂದ ನೆಂಟನಂತೆ ಷಾರ್ಲ್‌ಮಂಟ್ ಕೋಟೆಯೊಳಕ್ಕೆ ಹೋಗಿ ಅದನ್ನು ಹಿಡಿದನು. ಈತನು ಐರಿಷ್ ಪಾರ್ಲಿಮೆಂಟಿನ ಸದಸ್ಯ, ಜಮೀನುದಾರ, ಸಾಲದಲ್ಲಿ ಮುಳುಗಿದವನು. ಮರುದಿನ ಡಬ್ಲಿನ್ ಕೋಟೆಯನ್ನೂ ಹಿಡಿಯುವ ಹಂಚಿಕೆಯಿತ್ತು. ಓವೆನ್ ಓ'ಕಾನೊಲಿ ಎಂಬುವನು ಗುಟ್ಟನ್ನು ಹೊರಗೆಡಹಿದ್ದರಿಂದ ಅದು ಕೆಟ್ಟಿತು. ದಂಗೆಯ ನಾಯಕರು ತಾವು ಅರಸನಿಗೆ ವಿರೋಧಿಗಳಲ್ಲವೆಂದೂ ತಮ್ಮ ಧರ್ಮವನ್ನೂ ಹಕ್ಕನ್ನೂ ಕಾಪಾಡಿಕೊಳ್ಳುವುದೇ ತಮ್ಮ ಉದ್ದೇಶವೆಂದೂ ಸಾರಿದರು. ಆದರೆ ದಂಗೆಯೆಂಬುದು ಸಾರಿದವನ ಮಾತನ್ನು ಕೇಳುವುದಿಲ್ಲ. ಬೆಳೆಯ ಕೊರತೆಯಿಂದಲೂ ಸಾಲದಿಂದಲೂ ಬೆಂದಿದ್ದ ಜನರು ಕೆಲವೇ ದಿನಗಳಲ್ಲಿ ನೆರೆಯ ಪ್ರಾಟೆಸ್ಟೆಂಟರ ಮನೆಗಳಿಗೆ ನುಗ್ಗಿದರು.

ಹೇಳಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿಯೊಂದಿದೆ. ಕೊಳ್ಳೆಹೊಡೆದವರು ದನಕರು ಧಾನ್ಯಗಳಿಗೆ ತೃಪ್ತರಾಗದೆ ಮೈಮೇಲಿನ ಉಡುಪನ್ನೂ ಸುಲಿದುಕೊಂಡರು ಎಂಬುದೇ ಅದು. ಬಟ್ಟೆಯೆಂಬುದು ಆ ಕಾಲದಲ್ಲಿ ಬೆಲೆಯುಳ್ಳ ಸೊತ್ತು. ಆದುದರಿಂದ ಇದರಲ್ಲಿ ಲೋಭವೂ ಇತ್ತು, ಹಗೆಯೂ ಇತ್ತು. ಕಾಲವಾದರೋ ಚಳಿಗಾಲ. ಗಂಡಸರು, ಹೆಂಗಸರು, ಎಳೆಯ ಮಕ್ಕಳು ಅರೆಬೆತ್ತಲೆಯಾಗಿ ಹಿಮದಲ್ಲಿ ಡಬ್ಲಿನ್ನಿನ ದಾರಿಯನ್ನು ಹಿಡಿದರು. ಕತ್ತಿಯಿಂದ ಸತ್ತವರಿಗಿಂತ ಚಳಿ, ಹಸಿವು, ಜ್ವರಗಳಿಂದ ದಾರಿಯಲ್ಲಿ ಸತ್ತವರೂ ಊರನ್ನು ಸೇರಿದ ಮೇಲೆ ಸತ್ತವರೂ ಹೆಚ್ಚೆಂದು ಈಗಿನ ವಿದ್ವಾಂಸರ ಅಭಿಪ್ರಾಯ. ಮೊದಲ ತಿಂಗಳುಗಳಲ್ಲಿ ಕೊಲೆಯಾದವರು ಸುಮಾರು 4,000. ಕಷ್ಟದಿಂದ ಸತ್ತವರೂ ಸೇರಿದರೆ ಸುಮಾರು 12,000ದವರೆಗೆ ಆಗಬಹುದು ಎಂದು ಅವರು ಎಣಿಸುತ್ತಾರೆ.

ಹೀಗೆ ಬಂದು ಬಿದ್ದವರ ಅಹವಾಲನ್ನು ಬರೆದುಕೊಳ್ಳುವುದಕ್ಕಾಗಿ 1641ನೆಯ ಡಿಸೆಂಬರ್ 23ರಂದು ಎಂಟು ಮಂದಿ ಪಾದ್ರಿಗಳ ಮಂಡಲಿಯೊಂದು ನೇಮಕವಾಯಿತು. ಅದರ ಮುಖ್ಯಸ್ಥನು ಹೆನ್ರಿ ಜೋನ್ಸ್. ಮಂಡಲಿಯು ಮೊದಲು ಕೇಳಬೇಕಾಗಿದ್ದುದು ಏನೇನು ಕಳವಾಯಿತು, ಯಾರು ಕದ್ದರು, ಅವರು ರಾಜದ್ರೋಹದ ಮಾತೇನಾದರೂ ಆಡಿದರೆ ಎಂಬುದನ್ನು. ಕೊಲೆಗಳನ್ನು ಕುರಿತು ವಿಚಾರಿಸುವ ಅಧಿಕಾರವು ಅದಕ್ಕೆ ಬಂದುದು 1642ನೆಯ ಜನವರಿಯಲ್ಲಿ. ಈ ಕ್ರಮವನ್ನು ಕಂಡು ವಾಚಕರು ಮುಗುಳ್ನಗಬಹುದು: ಮೊದಲು ಹಸು, ಆಮೇಲೆ ಮನುಷ್ಯ! ಆದರೂ ಈ ವಿಪರೀತದಿಂದಲೇ ನಮಗೊಂದು ಲಾಭವಾಗಿದೆ. ಮುಂದೊಂದು ದಿನ ಪರಿಹಾರ ದೊರೆತೀತೆಂಬ ಆಸೆಯಿಂದ ಜನರು ತಮ್ಮ ಬಾಳಿನ ಪ್ರತಿಯೊಂದು ವಸ್ತುವನ್ನೂ ಬೆಲೆಸಹಿತವಾಗಿ ಬರೆಯಿಸಿದರು. ಹಸು, ಕುದುರೆ, ಕುರಿ, ಹುಲ್ಲು, ಕಾಳು, ಮನೆಯ ಪಾತ್ರೆಪದಾರ್ಥ, ಬಟ್ಟೆಬರೆ, ಪುಸ್ತಕ, ಗೇಣಿಯ ಹಕ್ಕು, ಎಲ್ಲವೂ ಅಲ್ಲಿವೆ. ಅಕ್ಷರ ಬಲ್ಲವರು ರುಜು ಮಾಡಿದ್ದಾರೆ. ಬಾರದವರು ಗುರುತನ್ನು ಹಾಕಿದ್ದಾರೆ. ಹೇಳಿಕೆ ಕೊಟ್ಟವರಲ್ಲಿ ಹೆಂಗಸರೂ ಬಹುಮಂದಿ. ಅದರಲ್ಲಿ ಅನೇಕರು ಆಗತಾನೇ ವಿಧವೆಯರಾದವರು.

ಈ ಪಟ್ಟಿಗಳಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸುವುದು ಬರಬೇಕಾದ ಸಾಲಗಳ ಬಾಬ್ತು. ಕೊಳ್ಳೆಹೊಡೆದವರಲ್ಲಿ ಹಲವರು ಸಾಲ ತೆಗೆದುಕೊಂಡಿದ್ದವರೇ. ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ ಎಂಬ ನಮ್ಮ ಗಾದೆಗೆ ಇದಕ್ಕಿಂತ ಘೋರವಾದ ಉದಾಹರಣೆ ದೊರೆಯಲಾರದು. ಇನ್ನೊಂದು ವಿಷಯ: ದೋಚಿದವರ ಹೆಸರು, ಊರು, ಕಸುಬು ಎಲ್ಲವನ್ನೂ ಹೇಳಿಕೆ ಕೊಟ್ಟವರು ತಡೆಯಿಲ್ಲದೆ ಹೇಳುತ್ತಾರೆ. ಬಂದವರು ಎಲ್ಲಿಂದಲೋ ಬಂದ ದಂಡಲ್ಲ. ನಿನ್ನೆಯವರೆಗೂ ಬೇಲಿಯಾಚೆಯಿಂದ ಕುಶಲ ಕೇಳುತ್ತಿದ್ದವರು. ಪರಚಕ್ರದ ಕೊಳ್ಳೆಯು ಸೊತ್ತನ್ನು ಮಾತ್ರ ಒಯ್ಯುತ್ತದೆ. ನೆರೆಯವನ ಕೊಳ್ಳೆಯು ನಂಬಿಕೆಯನ್ನೂ ಒಯ್ಯುತ್ತದೆ. ಅದಕ್ಕೆ ಬೆಲೆ ಕಟ್ಟುವ ಅಂಕಣವು ಆ ಪಟ್ಟಿಗಳಲ್ಲಿ ಇಲ್ಲ.

ಬೆಲೆ ಕಟ್ಟಲಾಗದ ನಷ್ಟಗಳೂ ಇವೆ. 1641ನೆಯ ನವೆಂಬರಿನಲ್ಲಿ ಪೋರ್ಟಡೌನ್ ಎಂಬಲ್ಲಿ ಸುಮಾರು ನೂರು ಜನ ಪ್ರಾಟೆಸ್ಟೆಂಟರನ್ನು ಮುರಿದ ಸೇತುವೆಯ ಮೇಲಿಂದ ಬಾನ್ ನದಿಗೆ ನೂಕಿ ಮುಳುಗಿಸಿದರು. ಆರ್ಮಾ ಸೀಮೆಯ ಎಲಿಜಬೆತ್ ಪ್ರೈಸ್ ಎಂಬ ವಿಧವೆಯು ತನ್ನ ಐದು ಮಕ್ಕಳು ಅಲ್ಲಿ ಮುಳುಗಿಹೋದರೆಂದು ಹೇಳಿದ್ದಾಳೆ. ಅದೇ ಹೇಳಿಕೆಯಲ್ಲಿ, ಸಂಜೆಯ ಮಬ್ಬಿನಲ್ಲಿ ಆ ನದಿಯೊಳಗೆ ಸೊಂಟದ ಮಟ್ಟಕ್ಕೆ ಎದ್ದು ನಿಂತು ಸೇಡು ಸೇಡೆಂದು ಕೂಗುವ ಸ್ತ್ರೀರೂಪವೊಂದನ್ನು ಕಂಡೆನೆಂದೂ ಹೇಳಿದ್ದಾಳೆ. ದೆವ್ವವನ್ನು ಕಂಡವಳ ಸಾಕ್ಷ್ಯವನ್ನು ನ್ಯಾಯಸ್ಥಾನವು ಒಪ್ಪದು. ಆದರೆ ಐದು ಮಕ್ಕಳನ್ನು ನೀರುಪಾಲು ಮಾಡಿದ ತಾಯಿಯು ಆ ಹೊಳೆಯನ್ನು ಬರಿಯ ಹೊಳೆಯಾಗಿ ನೋಡಬಲ್ಲಳೆ? ಮುಂದೆ ಅಚ್ಚಾದ ಗ್ರಂಥಗಳಲ್ಲಿ ಆ ದೆವ್ವದ ಕಥೆಗೆ ಬಹು ಪ್ರಚಾರ ದೊರೆಯಿತು. ಮಕ್ಕಳು ಹಿಂದೆ ಬಿದ್ದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಂಗ್ಲಿಷರ ಆಳ್ವಿಕೆಯನ್ನು ಕಂಡುಂಡ ದೇಶದವರಾದ ನಮ್ಮ ಮನಸ್ಸು ಸಹಜವಾಗಿ ಐರಿಷರ ಕಡೆಗೇ ವಾಲುತ್ತದೆ. ಪರರ ನೆಲದಲ್ಲಿ ಬೇರೂರಿದವನು ಆ ಬೇರನ್ನು ಕಿತ್ತಾಗ ಗೋಳಿಟ್ಟರೆ, ಆ ಗೋಳಿಗೆ ನಾವೇಕೆ ಕಿವಿಗೊಡಬೇಕು? ನ್ಯಾಯವಾಗಿ ಆಲೋಚಿಸಿದರೆ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಹೇಳಿಕೆಗಳಲ್ಲಿ ನಷ್ಟವೆಂದು ಬರೆದ ಗೇಣಿಯ ಹಕ್ಕು ಮೂವತ್ತು ವರ್ಷದ ಹಿಂದೆ ಇನ್ನೊಬ್ಬನ ನಷ್ಟವಾಗಿತ್ತು. ಆದರೂ ನನಗೆ ತೋರುವುದೇನೆಂದರೆ, ನೆಲವನ್ನು ಕಸಿದುಕೊಂಡ ಅರಸನೂ ಮಂತ್ರಿಗಳೂ ಆ ಹಿಮದಲ್ಲಿ ನಡೆಯಲಿಲ್ಲ. ನಡೆದವರು ನೇಯ್ಗೆಯವರು, ಚರ್ಮ ಹದಮಾಡುವವರು, ಸಣ್ಣ ಒಕ್ಕಲುಗಳು, ಐರ್ಲೆಂಡಿನಲ್ಲೇ ಹುಟ್ಟಿದ ಅವರ ಕೂಸುಗಳು. ಒಬ್ಬನು ನಿಂತಿರುವ ನೆಲದ ಹಕ್ಕು ಸಂದೇಹಾಸ್ಪದವಾಗಿರಬಹುದು. ಅವನ ಮೈಗೆ ಆಗುವ ಚಳಿಯು ಸಂದೇಹಾಸ್ಪದವಲ್ಲ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವುದು ಕಷ್ಟ. ಒಂದನ್ನು ಬಿಟ್ಟರೆ ಮಾತ್ರ ಅನ್ಯಾಯ.

ಅಂದಿನವರು ಒಂದನ್ನು ಬಿಟ್ಟರು. ಜೋನ್ಸನು ಹೇಳಿಕೆಗಳಿಂದ ಕ್ರೂರವಾದುವನ್ನು ಆಯ್ದು 1642ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದನು. 1646ರಲ್ಲಿ ಸರ್ ಜಾನ್ ಟೆಂಪಲ್ ಎಂಬುವನು ದಂಗೆಯ ಇತಿಹಾಸವನ್ನು ಬರೆದು, ಸತ್ತವರೂ ಹಾಳಾದವರೂ 3,00,000 ಎಂದು ಹೇಳಿದನು. ಐರ್ಲೆಂಡಿನಲ್ಲಿ ಆಗ ಇದ್ದ ಪ್ರಾಟೆಸ್ಟೆಂಟರೆಲ್ಲರನ್ನೂ ಎಣಿಸಿದರೂ ಅಷ್ಟು ಜನ ಆಗುತ್ತಿರಲಿಲ್ಲ. ಅದೇ ಶತಮಾನದಲ್ಲಿ ವಿಲಿಯಂ ಪೆಟ್ಟಿ ಎಂಬ ಗಣಿತಪ್ರಿಯನು ಆ ಸಂಖ್ಯೆಯನ್ನು 37,000ಕ್ಕೆ ಇಳಿಸಿದನು, ಅದೂ ಹೆಚ್ಚೇ. ಆದರೆ ಜನರ ಬಾಯಲ್ಲಿ ನಿಂತುದು ಟೆಂಪಲನ ಸಂಖ್ಯೆ. ಹಸುಗಳನ್ನು ಒಂದೊಂದಾಗಿ ಎಣಿಸಿ ಬರೆಯಿಸಿದ ಬಡವನ ಲೆಕ್ಕವನ್ನು ಮುಂದಿಟ್ಟುಕೊಂಡೇ ಮನುಷ್ಯರನ್ನು ಲಕ್ಷಗಟ್ಟಲೆ ಸುರಿದುಬಿಟ್ಟರು! ಈ ಸುಳ್ಳಿನಿಂದ ಮೊದಲು ಮೋಸಹೋದವರು ನಿಜವಾಗಿ ಸತ್ತವರೇ. ಮೂರು ಲಕ್ಷ ಸುಳ್ಳೆಂದು ತಿಳಿದ ದಿನ, ನಾಲ್ಕು ಸಾವಿರವೂ ಸುಳ್ಳಿರಬಹುದೆಂದು ಇನ್ನೊಂದು ಪಕ್ಷದವರು ಹೇಳುವುದಕ್ಕೆ ದಾರಿಯಾಯಿತು.

ಎರಡನೆಯದಾಗಿ ಬೆಲೆ ತೆತ್ತವರು ಐರಿಷರು. 1642ನೆಯ ಮಾರ್ಚಿಯಲ್ಲಿಯೇ ಇಂಗ್ಲೆಂಡಿನ ಪಾರ್ಲಿಮೆಂಟು ದಂಗೆಯನ್ನು ಅಡಗಿಸಲು ಹಣ ಕೊಟ್ಟವರಿಗೆ ಐರ್ಲೆಂಡಿನ 25 ಲಕ್ಷ ಎಕರೆ ನೆಲವನ್ನು ಒತ್ತೆಯಾಗಿ ತೋರಿಸಿತ್ತು. 1649ರಲ್ಲಿ ಕ್ರಾಮ್‌ವೆಲ್ಲನು ದಂಡೆತ್ತಿ ಬಂದು ದ್ರಾಹಡಾ ಪಟ್ಟಣದಲ್ಲಿ ಹರಿಸಿದ ರಕ್ತವನ್ನು 1641ರ ಸೇಡೆಂದೇ ಸಮರ್ಥಿಸಿಕೊಂಡನು. 1652ರಿಂದ ಮುಂದೆ ಕೂಡಿದ ನ್ಯಾಯಸಭೆಗಳಲ್ಲಿ ಈ ಹೇಳಿಕೆಗಳೇ ಸಾಕ್ಷ್ಯವಾದುವು. ಫೀಲಿಮ್ ಓ'ನೀಲನಿಗೆ 1653ರಲ್ಲಿ ಮರಣದಂಡನೆಯಾಯಿತು. 1641ರಲ್ಲಿ ಐರ್ಲೆಂಡಿನ ನೆಲದಲ್ಲಿ ಶೇಕಡಾ ಸುಮಾರು 60 ಪಾಲು ಕ್ಯಾಥೋಲಿಕರ ಕೈಯಲ್ಲಿತ್ತು. 1703ರ ಹೊತ್ತಿಗೆ ಉಳಿದುದು ಶೇಕಡಾ ಸುಮಾರು 14. ಕೊಟ್ಟಿಗೆಯ ಹಸುವಿಗೆ ಪರಿಹಾರ ಕೇಳಿದ ಅರ್ಜಿಯ ಬಲದಿಂದ ಒಂದು ದೇಶವೇ ಕೈಬದಲಾಯಿತು. ಅರ್ಜಿ ಕೊಟ್ಟ ಬಡವರ ಪಾಲಿಗೆ ಬಂದುದು ಬಹು ಕಡಮೆ. ನೆಲವು ಹೋದುದು ಹಣ ಹೂಡಿದವರಿಗೂ ಸೈನಿಕರಿಗೂ ಅವರಿಂದ ಅಗ್ಗಕ್ಕೆ ಕೊಂಡವರಿಗೂ.

ಇನ್ನೊಂದು ಕೊರತೆಯನ್ನು ಹೇಳದೆ ಬಿಡಲಾರೆನು. 1642ನೆಯ ಜನವರಿಯಲ್ಲಿ ಐಲೆಂಡ್‌ಮಗೀ ಎಂಬಲ್ಲಿ ಕ್ಯಾಥೋಲಿಕರ ಕುಟುಂಬಗಳನ್ನು ಪ್ರಾಟೆಸ್ಟೆಂಟರು ಕೊಂದರು. ಸರ್ ಚಾರ್ಲ್ಸ್ ಕೂಟನ ದಂಡು ವಿಕ್ಲೊ ಸೀಮೆಯಲ್ಲಿ ತಪ್ಪಿತಸ್ಥರನ್ನೂ ನಿರಪರಾಧಿಗಳನ್ನೂ ಬೇರ್ಪಡಿಸಲಿಲ್ಲ. ಹಸಿಯ ಮರ ಒಣ ಮರವೆಂಬ ಭೇದವಿಲ್ಲದೆ ಎಲ್ಲವೂ ಬೆಂದುವು. ಆ ಕಾಲದಲ್ಲಿ ಈ ಜನರ ಹಸುವೆಷ್ಟು, ಬಟ್ಟೆಯೆಷ್ಟು, ಮಕ್ಕಳೆಷ್ಟು ಎಂದು ಕೇಳಲು ಯಾವ ಮಂಡಲಿಯೂ ಕೂಡಲಿಲ್ಲ. ಅವರ ನಷ್ಟಕ್ಕೆ 31 ಸಂಪುಟಗಳಿಲ್ಲ. ಆದುದರಿಂದ ಒಂದು ಪಕ್ಷದ ಪಟ್ಟಿಯನ್ನು ಓದುವಾಗಲೆಲ್ಲ, ಬರೆಯದೆ ಹೋದ ಮತ್ತೊಂದು ಪಟ್ಟಿಯೂ ಪಕ್ಕದಲ್ಲಿದೆಯೆಂದು ಭಾವಿಸಿಕೊಂಡು ಓದುವುದು ಓದುಗನ ಧರ್ಮ.

ಈ ಕತ್ತಲಿನಲ್ಲಿ ದೀಪವೇ ಇರಲಿಲ್ಲವೆನ್ನಲಾಗದು. ಕಿಲ್ಮೋರಿನ ಬಿಷಪ್ಪನಾಗಿದ್ದ ವಿಲಿಯಂ ಬೆಡಲ್ ಇಂಗ್ಲೆಂಡಿನಲ್ಲಿ ಹುಟ್ಟಿದವನು. ಆದರೆ ಐರಿಷ್ ಭಾಷೆಯನ್ನು ಕಲಿತು, ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ಆ ಭಾಷೆಗೆ ತರಿಸಿದವನು. ದಂಗೆ ಎದ್ದಾಗ ತನ್ನ ಮನೆಯನ್ನು ನಿರಾಶ್ರಿತರಿಗೆ ತೆರೆದಿಟ್ಟನು. ದಂಗೆಯವರು ಅವನನ್ನು ಸರೋವರದ ನಡುವಿನ ಕೋಟೆಯೊಂದರಲ್ಲಿ ಸೆರೆಯಿಟ್ಟು ಅನಂತರ ಬಿಟ್ಟರು. ಡೆನಿಸ್ ಷೆರಿಡನ್ ಎಂಬ ಐರಿಷ್ ಪಾದ್ರಿಯ ಮನೆಯಲ್ಲಿ ಆತನು 1642ನೆಯ ಫೆಬ್ರವರಿ 7ರಂದು ಜ್ವರದಿಂದ ಮೃತನಾದನು. ಶವಸಂಸ್ಕಾರದ ದಿನ ದಂಗೆಯ ಸೈನಿಕರೇ ಬಂದು ಗುಂಡು ಹಾರಿಸಿ ಮರ್ಯಾದೆ ಸಲ್ಲಿಸಿದರು. ಆತನ ಗ್ರಂಥದ ಹಸ್ತಪ್ರತಿ ಉಳಿದು 1685ರಲ್ಲಿ ಅಚ್ಚಾಯಿತು. ನೆರೆಯವನ ಮಾತನ್ನು ಕಲಿತವನಿಗೆ ನೆರೆಯವನು ತೋರಿದ ಗೌರವವಿದು. ಹೇಳಿಕೆಗಳಲ್ಲಿಯೂ ಅಲ್ಲಲ್ಲಿ, ತಮ್ಮನ್ನು ಬಚ್ಚಿಟ್ಟು ಉಳಿಸಿದ ಐರಿಷ್ ನೆರೆಯವರ ಮಾತು ಬರುತ್ತದೆ. ಅಂಥವನ್ನು ಆಯ್ದು ಗ್ರಂಥಮಾಡಲು ಮಾತ್ರ ಜೋನ್ಸನಿಗೂ ಟೆಂಪಲನಿಗೂ ತೋರಲಿಲ್ಲ.

ಬಹುಕಾಲ ಐರ್ಲೆಂಡಿನಲ್ಲಿ ಅಕ್ಟೋಬರ್ 23 ಪ್ರಾಟೆಸ್ಟೆಂಟರ ಪಾಲಿಗೆ ಚರ್ಚಿನಲ್ಲಿ ಕೂಡಿ ನೆನೆಯುವ ದಿನವಾಗಿತ್ತು. 1662ರಲ್ಲಿ ಅದಕ್ಕೆ ಶಾಸನವೇ ಆಗಿತ್ತು. ವರ್ಷವರ್ಷವೂ ಗಾಯವನ್ನು ಕೆರೆದು ನೋಡಿಕೊಳ್ಳುವ ಹಬ್ಬ! 2010ನೆಯ ಅಕ್ಟೋಬರಿನಲ್ಲಿ ಈ ಹೇಳಿಕೆಗಳು ಸಾರ್ವಜನಿಕರಿಗೆ ತೆರೆದ ಸಮಾರಂಭವು ಬೇರೊಂದು ಬಗೆಯದು. ಕ್ಯಾಥೋಲಿಕಳಾದ ಅಂದಿನ ರಾಷ್ಟ್ರಾಧ್ಯಕ್ಷೆ ಮೇರಿ ಮ್ಯಾಕಲೀಸ್ ಅದನ್ನು ನೆರವೇರಿಸಿದಳು. ಅಲ್‌ಸ್ಟರಿನ ಪ್ರಾಟೆಸ್ಟೆಂಟರ ಉಗ್ರ ನಾಯಕನೆಂದು ಹೆಸರಾಗಿದ್ದ ಇಯನ್ ಪೈಸ್ಲಿ ಅಲ್ಲಿ ಕುಳಿತಿದ್ದನು. ಒಂದು ಪಕ್ಷದವರು ಕತ್ತಿಯಂತೆ ಬೀಸುತ್ತಿದ್ದ ಕಾಗದವನ್ನು ಎರಡು ಪಕ್ಷದವರೂ ಮೇಜಿನ ಮೇಲೆ ಹರಡಿ ಓದುವಂತಾಗಲು 369 ವರ್ಷ ಬೇಕಾಯಿತು.

ಕಷ್ಟಪಟ್ಟವರಿಗೆ ನಾವು ಸಲ್ಲಿಸಬಹುದಾದ ನ್ಯಾಯವೇನೆಂದು ಯೋಚಿಸಿದರೆ ಅದು ಬಹು ಸಣ್ಣದಾಗಿ ಕಾಣುತ್ತದೆ. ಅವರು ಕಳೆದುಕೊಂಡುದು ಎಷ್ಟೋ ಅಷ್ಟನ್ನೇ ಹೇಳಬೇಕು. ಹೆಚ್ಚು ಹೇಳಿದರೆ ಅವರ ದುಃಖವು ಇನ್ನೊಬ್ಬರ ಆಯುಧವಾಗುತ್ತದೆ. ಕಡಮೆ ಹೇಳಿದರೆ ಅವರು ಎರಡನೆಯ ಸಲ ಸುಲಿಗೆಗೆ ಒಳಗಾಗುತ್ತಾರೆ. ಅಕ್ಷರವರಿಯದ ವಿಧವೆಯೊಬ್ಬಳು ನಡುಗುವ ಕೈಯಿಂದ ಗುರುತು ಹಾಕಿದ ಕಾಗದದಲ್ಲಿ ಆರು ಹಸುಗಳೆಂದಿದ್ದರೆ, ನಾವೂ ಆರು ಹಸುಗಳೆಂದೇ ಓದೋಣ.