ಗಂಡಿಲ್ಲದ ಮದುವೆ

ಅಪ್ಪನ ಜೆನಿತ್-ಇ ಕ್ಯಾಮೆರಾ ಈಗ ಸೀವುಡ್ಸ್‌ನ ನಮ್ಮ ಮನೆಯಲ್ಲಿದೆ. ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆ 1965ರಲ್ಲಿ ಶುರುಮಾಡಿದ ಮಾಡೆಲ್ ಅದು. ಕೈಗೆತ್ತಿಕೊಂಡರೆ ಕಲ್ಲುಗುಂಡು. 1984ರಲ್ಲಿ ಶಿವಮೊಗ್ಗದಲ್ಲಿ ನಡೆದ ಅತ್ತೆಯ ಮದುವೆಗೆ ಅಪ್ಪ ಇದರಲ್ಲೇ ಫೋಟೋ ತೆಗೆದಿದ್ದರು. ಹನ್ನೊಂದು ಫೋಟೋಗಳಲ್ಲಿ ಒಂದು ಬದಿ ಪೂರ್ತಿ ಕಪ್ಪು. ಧಾರೆಯ ಹೊತ್ತಿಗೆ ಆ ಬದಿಯಲ್ಲಿ ನಿಂತಿದ್ದವರು ಮಾವ. "ಅಣ್ಣ ನನಗೆ ಗಂಡಿಲ್ಲದ ಮದುವೆ ಮಾಡಿಸಿದ" ಎಂದು ಅತ್ತೆ ಇಂದಿಗೂ ಹೇಳುತ್ತಾರೆ. ಅಪ್ಪನದು ಒಂದೇ ಉತ್ತರ: "ಶಟರ್ ಕೈಕೊಟ್ಟಿತು."

ಅಪ್ಪ ಹೋಗಿ ಎರಡು ವರ್ಷವಾಯಿತು. ಅತ್ತೆ ದೀಪಾವಳಿಗೆ ಇಲ್ಲಿಗೆ ಬರುವವರಿದ್ದಾರೆ. ಅಷ್ಟರೊಳಗೆ ಅಪ್ಪನ ಪರವಾಗಿ ಕೇಸು ಗೆಲ್ಲಬೇಕೆಂದು ಕೂತೆ.

ಈ ಕ್ಯಾಮೆರಾದಲ್ಲಿ ಸೆಕೆಂಡಿನ 30, 60, 125, 250, 500ನೇ ಒಂದು ಭಾಗ ಎಂಬ ಐದು ವೇಗಗಳಿವೆ. ಮೊದಲು ಹಿಂಬಾಗಿಲು ತೆರೆದು, ಮುಂದೆ ಟಾರ್ಚ್ ಇಟ್ಟು, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿದೆ. ಸೆಕೆಂಡಿಗೆ 240 ಫ್ರೇಮ್ ಅಂದರೆ 30ರ ವೇಗದಲ್ಲಿ ಎಂಟು ಫ್ರೇಮಿನಲ್ಲಿ ಬೆಳಕು ಕಾಣಬೇಕು, 60ರಲ್ಲಿ ನಾಲ್ಕರಲ್ಲಿ. 250ಕ್ಕೆ ಹೋದರೆ ಒಂದೇ ಫ್ರೇಮ್. ಅದನ್ನು ನಂಬಿ ಯಾರ ಮೇಲೂ ತೀರ್ಪು ಕೊಡಲಾಗದು.

ಹಾಗಾಗಿ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಫೋಟೋಟ್ರಾನ್ಸಿಸ್ಟರ್ ತಂದೆ. ಅದನ್ನು ಒಂದು ರೆಸಿಸ್ಟರ್, ಒಂದು ಬ್ಯಾಟರಿಯ ಜೊತೆ ಬೆಸೆದು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಸಿಕ್ಕಿಸಿದೆ. ರೆಕಾರ್ಡಿಂಗ್ ತಂತ್ರಾಂಶ ಸೆಕೆಂಡಿಗೆ 44,100 ಬಾರಿ ಅಳೆಯುತ್ತದೆ. ಶಟರ್ ತೆರೆದಾಗ ಗೆರೆ ಏರುತ್ತದೆ, ಮುಚ್ಚಿದಾಗ ಇಳಿಯುತ್ತದೆ, ನಡುವಿನ ಅಂತರವೇ ಉತ್ತರ. ಕಿಟಕಿಯಾಚೆ ಹಾರ್ಬರ್ ಲೈನಿನ ಲೋಕಲ್ ಗಡಗಡಿಸಿದರೂ ಚಿಂತೆಯಿಲ್ಲ, ಇದು ಕೇಳುವುದು ಬೆಳಕನ್ನು. ಬೆಳಕಿಗೆ ಮಾತ್ರ ಬ್ಯಾಟರಿ ಟಾರ್ಚೇ ಬೇಕು. ಮನೆಯ ಬಲ್ಬು ಸೆಕೆಂಡಿಗೆ ನೂರು ಬಾರಿ ಮಿನುಗಿ ಗೆರೆಯನ್ನೆಲ್ಲ ಗರಗಸ ಮಾಡಿಬಿಡುತ್ತದೆ.

ಮೊದಲ ಕ್ಲಿಕ್‌ಗೆ ನನ್ನ ಎದೆ ಹಾರಿತು. 30ರ ವೇಗ 33 ಮಿಲಿಸೆಕೆಂಡ್ ಇರಬೇಕಾದಲ್ಲಿ 52! ಕೇಸು ಗೆದ್ದೆ ಅಂದುಕೊಂಡೆ. ಎರಡನೆಯದು 41, ನಾಲ್ಕನೆಯದರಿಂದ ಮುಂದೆ ಎಲ್ಲ 35ರ ಆಸುಪಾಸು. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಕ್ಯಾಮೆರಾದ ಗ್ರೀಸು ಗಟ್ಟಿಯಾಗಿತ್ತು, ಅಷ್ಟೇ. ಹಳೆಯ ಕ್ಯಾಮೆರಾದ ಮೊದಲ ಮೂರು ಮಾತನ್ನು ನಂಬಬಾರದು. 60 ಮತ್ತು 125 ಕೂಡ ಸರಿಯಾಗಿದ್ದವು. 500ರಲ್ಲಿ ಮಾತ್ರ 2 ಮಿಲಿಸೆಕೆಂಡಿನ ಬದಲು ಒಂದು ಅಂಚಿನಲ್ಲಿ 3.2, ಇನ್ನೊಂದರಲ್ಲಿ 2.4. ಪರದೆಗಳು ಒಂದೇ ವೇಗದಲ್ಲಿ ಓಡುತ್ತಿಲ್ಲ. ಆದರೆ ಫ್ಲ್ಯಾಶ್ ಹಾಕಿ ತೆಗೆದ ಮದುವೆ ಫೋಟೋಗೂ 500ಕ್ಕೂ ಸಂಬಂಧವಿಲ್ಲ.

ಫ್ಲ್ಯಾಶ್! ಇದರ ಶಟರ್ ಅಂದರೆ ಅಡ್ಡಕ್ಕೆ ಓಡುವ ಎರಡು ಬಟ್ಟೆಯ ಪರದೆ. ಫ್ರೇಮ್ ಪೂರ್ತಿ ತೆರೆದಿರುವುದು 30ರಲ್ಲಿ ಮಾತ್ರ. 60ಕ್ಕಿಟ್ಟರೆ ಮೊದಲ ಪರದೆ ಗುರಿ ಮುಟ್ಟಿ ಫ್ಲ್ಯಾಶ್ ಬೆಳಗುವಷ್ಟರಲ್ಲಿ ಎರಡನೆಯದು ಹೊರಟುಬಿಟ್ಟಿರುತ್ತದೆ. ಫಿಲ್ಮ್ ಜಾಗಕ್ಕೆ ಟ್ರೇಸಿಂಗ್ ಕಾಗದ ಅಂಟಿಸಿ, ಕೋಣೆ ಕತ್ತಲು ಮಾಡಿ, ಗೋಡೆಗೆ ಫ್ಲ್ಯಾಶ್ ಹೊಡೆದೆ. 30ರಲ್ಲಿ ಇಡೀ ಆಯತ ಬೆಳಗಿತು. 60ರಲ್ಲಿ ಒಂದು ಬದಿಯ ಪಟ್ಟಿ ಕತ್ತಲಾಗಿಯೇ ಉಳಿಯಿತು. ಆ ಅಂಚನ್ನು ಪೆನ್ಸಿಲಿನಲ್ಲಿ ಗುರುತಿಸಿ, ಅಮ್ಮನ ಟ್ರಂಕಿನಿಂದ ಮದುವೆಯ ನೆಗೆಟಿವ್ ತಂದು ಮೇಲಿಟ್ಟೆ. ಗೆರೆಗೆ ಗೆರೆ ಕೂತಿತು.

ಅದಕ್ಕಿಂತ ನೋಯಿಸಿದ್ದು ಆಮೇಲೆ ಕಂಡದ್ದು. ಅದೇ ರೀಲಿನಲ್ಲಿ ಹನ್ನೆರಡನೆಯ ಫೋಟೋದಿಂದ ಮುಂದೆ ಎಲ್ಲವೂ ಪೂರ್ತಿ. ಶಟರ್ ತಾನಾಗಿ ಸರಿಹೋಯಿತೆಂದು ವಾದಿಸಬಹುದಿತ್ತು. ಆದರೆ ಕೆಟ್ಟ ಶಟರ್ ಹನ್ನೊಂದು ಸಲ ಒಂದೇ ಜಾಗದಲ್ಲಿ ಗೆರೆ ಎಳೆದು, ಹನ್ನೆರಡನೇ ಸಲಕ್ಕೆ ಶಿಸ್ತಾಗಿ ಬಿಟ್ಟುಕೊಡುವುದಿಲ್ಲ. ಅಪ್ಪ ಮಂಟಪದಲ್ಲೇ ಡಯಲ್ ನೋಡಿಕೊಂಡು ತಿರುಗಿಸಿದ್ದಾರೆ. ರೀಲು ತೊಳೆದು ಬರುವ ಮೊದಲೇ ಅವರಿಗೆ ಗೊತ್ತಿತ್ತು. ಧಾರೆ ಅಷ್ಟರಲ್ಲಿ ಮುಗಿದಿತ್ತು.

ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. "ಏನಂತೆ?" ಅಂದಳು. ಹೇಳಿದೆ. ನೆಗೆಟಿವ್‌ಗಳನ್ನು ಕವರಿಗೆ ಸೇರಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಐನೂರರಲ್ಲಿ ಏನೋ ತಪ್ಪಿದೆ ಅಂದ್ಯಲ್ಲ?"

"ಹೌದು."

"ಅವಳು ಕೇಳಿದ್ರೆ ಅಷ್ಟು ಹೇಳು ಸಾಕು."